ದೇವರ ಮನೆಯವರು: ಎಡೆದೊರೆ ನಾಡಿನ ಸಭೆ ಮತ್ತು ಬಾಧ್ಯತೆಯ ಪ್ರಶ್ನೆ

ಎಫೆಸದವರಿಗೆ ಬರೆದ ಪತ್ರಿಕೆಯ 2:19ನೆಯ ವಚನವನ್ನು ಕನ್ನಡ ಸತ್ಯವೇದದಲ್ಲಿ ಓದುವಾಗ ನಾವು ಸಾಮಾನ್ಯವಾಗಿ ಎರಡು ಪದಗಳನ್ನು ಅವಸರದಿಂದ ದಾಟಿಹೋಗುತ್ತೇವೆ. ಒಂದು 'ಸಂಸ್ಥಾನ', ಇನ್ನೊಂದು 'ದೇವರ ಮನೆ'. ರಾಯಚೂರು, ಮಾನ್ವಿ, ದೇವದುರ್ಗಗಳ ಕಡೆಯವನಿಗೆ ಇವೆರಡೂ ಪುಸ್ತಕದ ಪದಗಳಲ್ಲ. 1948ರವರೆಗೆ ಅವನ ಹಿರಿಯರು ನಿಜಾಮರ ಸಂಸ್ಥಾನದ ಪ್ರಜೆಗಳು. ಸುತ್ತಲೂ ಸುರಪುರ, ಗುರುಗುಂಟಾ, ಗದ್ವಾಲಗಳೆಂಬ ಕಿರು ಸಂಸ್ಥಾನಗಳು. ಯಾರ ಸಂಸ್ಥಾನದವನು ಎಂಬುದರ ಮೇಲೆ ಯಾರಿಗೆ ಕಂದಾಯ ಕೊಡಬೇಕು, ಯಾರ ಕಚೇರಿಯಲ್ಲಿ ನ್ಯಾಯ ಕೇಳಬೇಕು ಎಂಬುದು ನಿರ್ಧಾರವಾಗುತ್ತಿತ್ತು. 'ದೇವರ ಮನೆ' ಎಂಬುದಂತೂ ಊರಿನ ಉಳ್ಳವರ ಮನೆಯೊಳಗಿನ ಕಟ್ಟಕಡೆಯ ಕೋಣೆ. ಮಡಿಯುಟ್ಟವರು ಮಾತ್ರ ಅಲ್ಲಿಗೆ ಕಾಲಿಡಬೇಕು. ಹೊಲದ ಕೆಲಸಕ್ಕೆ ಬಂದ ಆಳು ಹಿತ್ತಲನ್ನು ದಾಟಿ ಪಡಸಾಲೆಗೇ ಬಾರದಿದ್ದ ಕಾಲದಲ್ಲಿ, ಕೇರಿಯ ಜನರ ಮುಂದೆ ನಿಂತು ಯಾರೋ ಒಬ್ಬರು 'ನೀವು ದೇವರ ಮನೆಯವರು' ಎಂದು ಓದಿದರು. ಆ ಮಾತು ಅವರ ಕಿವಿಗೆ ಹೇಗೆ ಬಿದ್ದಿರಬೇಕು?

ಇಂದು ನಮ್ಮ ಉಪದೇಶಗಳಲ್ಲಿ 'ದೇವರ ಕುಟುಂಬ' ಎಂಬುದು ಬಹಳ ಮೃದುವಾದ ಮಾತಾಗಿಬಿಟ್ಟಿದೆ. ಸಭೆಯ ವಾರ್ಷಿಕೋತ್ಸವದ ಬ್ಯಾನರಿಗೆ ಅದು ಹೊಂದುತ್ತದೆ. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ಈ ನಾಡಿನಲ್ಲಿ, ಹಿಂದಿನ ಶಾಸನಗಳು ಎಡೆದೊರೆ ಎಂದು ಕರೆದ ಈ ಸೀಮೆಯಲ್ಲಿ, ಅದು ಮೃದುವಾದ ಮಾತಾಗಿರಲಿಲ್ಲ. ಇಲ್ಲಿ ಮನೆ, ಮಗ, ದಾಸ, ದೇವರಿಗೆ ಸೇರಿದವಳು ಎಂಬ ಪ್ರತಿಯೊಂದು ಪದಕ್ಕೂ ಸುವಾರ್ತೆ ಬರುವುದಕ್ಕೆ ಮೊದಲೇ ಗಟ್ಟಿಯಾದ ಅರ್ಥವಿತ್ತು. ಆ ಅರ್ಥಗಳನ್ನು ಮೊದಲು ನೋಡದೆ ಇಲ್ಲಿಯ ಸಭೆಯ ಚರಿತ್ರೆಯನ್ನು ಹೇಳಲಾಗದು ಎಂಬುದು ನಮ್ಮ ಅಭಿಪ್ರಾಯ.

ಪಾಲಿಲ್ಲದ ಮಗ

ಕನ್ನಡ ನಾಡಿನ ಹಳ್ಳಿಗಳಲ್ಲಿ 'ಹಳೆಮಗ' ಎಂಬ ಪದವಿತ್ತು. ಒಕ್ಕಲು ಮನೆತನಕ್ಕೆ ತಲೆಮಾರುಗಳಿಂದ ಅಂಟಿಕೊಂಡು ದುಡಿಯುವ ಹೊಲೆಯ ಅಥವಾ ಮಾದಿಗ ಕುಟುಂಬದವನಿಗೆ ಆ ಹೆಸರು. ಮೈಸೂರು ಸೀಮೆಯ ಹಳ್ಳಿಯನ್ನು ಅಧ್ಯಯನ ಮಾಡಿದ ಎಂ. ಎನ್. ಶ್ರೀನಿವಾಸ್ ಅವರೂ ಈ ಸಂಬಂಧವನ್ನು ದಾಖಲಿಸಿದ್ದಾರೆ. ಹೆಸರಿನಲ್ಲಿ ಮಗ ಇದ್ದಾನೆ. ಮದುವೆಯಲ್ಲಿ ಅವನಿಗೆ ಕೆಲಸವಿದೆ, ಸಾವಿನಲ್ಲಿ ಕೆಲಸವಿದೆ, ಸುಗ್ಗಿಯಲ್ಲಿ ಕಣದ ಆಯವಿದೆ. ಇಲ್ಲದಿರುವುದು ಒಂದೇ, ಪಾಲು. ಹಳೆಮಗನು ಎಷ್ಟು ತಲೆಮಾರು ದುಡಿದರೂ ಆ ಮನೆಯ ಆಸ್ತಿಯಲ್ಲಿ ಅಂಗುಲವೂ ಅವನದಾಗದು. ಕುಟುಂಬದ ಭಾಷೆಯಿಂದ ಕುಟುಂಬವನ್ನೇ ನಿರಾಕರಿಸುವ ಜಾಣತನ ಅದರಲ್ಲಿದೆ. ಜೀತದ ಸಾಲವು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಇಳಿಯುತ್ತಿದ್ದ ಆಸ್ತಿ ಅದೊಂದೇ. ಜೀತಪದ್ಧತಿಯನ್ನು ಕಾನೂನು ರದ್ದುಮಾಡಿದ್ದು 1976ರಲ್ಲಿ.

ಎರಡನೆಯ ಪದ 'ದಾಸ'. ಇದರ ಅತ್ಯಂತ ಉನ್ನತವಾದ ರೂಪ ಹುಟ್ಟಿ ಬೆಳೆದದ್ದೂ ಇದೇ ನೆಲದಲ್ಲಿ. ವಿಜಯದಾಸರ ಚೀಕಲಪರ್ವಿ ಮಾನ್ವಿಯ ಕಡೆಯದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಹರಿಕಥಾಮೃತಸಾರದ ಜಗನ್ನಾಥದಾಸರು ಮಾನ್ವಿಯವರೇ. ಜಗನ್ನಾಥದಾಸರ ಬಗ್ಗೆ ಈ ಭಾಗದಲ್ಲಿ ಎಲ್ಲರೂ ಬಲ್ಲ ಐತಿಹ್ಯವೊಂದಿದೆ. ಅವರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುತ್ತಿದ್ದ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ಪಂಕ್ತಿಗೆ ಹೋಗಲಿಲ್ಲ. ನೆಪ ನಿಜವಾಯಿತು, ಉದರಶೂಲೆ ಹತ್ತಿತು. ಕೊನೆಗೆ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನೇ ಅವರಿಗೆ ದಾನಮಾಡಿದರು. ಪಂಡಿತರು ದಾಸರಾದರು, ಅಂಕಿತವೆಂಬ ಹೊಸ ಹೆಸರನ್ನು ಪಡೆದರು. ಪಂಕ್ತಿಯನ್ನು ನಿರಾಕರಿಸಿದವನಿಗೆ ಬಂದ ಬೇನೆ, ಮತ್ತೊಬ್ಬನು ಕೊಟ್ಟ ಆಯುಷ್ಯ, ಹೊಸ ಹೆಸರು: ಮಾನ್ವಿಯಲ್ಲಿ ಸೇವೆ ಮಾಡುವ ಸಭಾಪಾಲಕನು ಈ ಕಥೆಯನ್ನು ಅರಿಯದೆ ಕರ್ತನ ಭೋಜನದ ವಿಷಯವಾಗಿ ಬೋಧಿಸಿದರೆ ನೆರೆಯವರ ಅರ್ಧ ಭಾಷೆಯನ್ನು ಬಿಟ್ಟಂತೆ. ಅದನ್ನು ನಾವು ಗೌರವದಿಂದಲೇ ಹೇಳುತ್ತೇವೆ. ಆದರೂ ಆ ಪಂಕ್ತಿ ಅಗ್ರಹಾರದೊಳಗಿನ ಪಂಕ್ತಿ. ಕೇರಿಯವನು ದಾಸರ ಪದವನ್ನು ದೂರದಿಂದ ಕೇಳಬಹುದಿತ್ತು, ಪಕ್ಕದಲ್ಲಿ ಎಲೆ ಹಾಕಿಸಿಕೊಂಡು ಕೂಡುವಂತಿರಲಿಲ್ಲ.

ಮೂರನೆಯದನ್ನು ಹೇಳುವುದು ಕಷ್ಟ, ಬಿಡುವುದು ಇನ್ನೂ ಕಷ್ಟ. 'ದೇವರಿಗೆ ಬಿಟ್ಟವಳು', ಬಸವಿ, ಜೋಗತಿ, ದೇವದಾಸಿ. 19ನೆಯ ಶತಮಾನದ ಕೊನೆಯಲ್ಲಿ ಬಳ್ಳಾರಿ ಸೀಮೆಯ ಬಸವಿಯರ ಬಗ್ಗೆ ಬರೆದ ಫ್ರೆಡ್ ಫಾಸೆಟ್ ಒಂದು ಸಂಗತಿಯನ್ನು ಗುರುತಿಸಿದ್ದರು: ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ತವರಿನಲ್ಲೇ ಉಳಿದು ಗಂಡುಮಗನ ಸ್ಥಾನವನ್ನು ಪಡೆಯುತ್ತಿದ್ದಳು. ಅಂದರೆ ಇಲ್ಲಿಯೂ ಮಗನೆಂಬ ಪದವಿಯೇ. ಬೆಲೆ ತೆರುವುದು ಮಾತ್ರ ಅವಳ ದೇಹ. ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. 1982ರ ಕರ್ನಾಟಕದ ಕಾಯಿದೆ ದೇವದಾಸಿ ಬಿಡುವುದನ್ನು ನಿಷೇಧಿಸಿತು. ಆ ಬಳಿಕವೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲಾದ ದೇವದಾಸಿ ಮಹಿಳೆಯರ ಸಂಖ್ಯೆ 46,660. ರಾಯಚೂರು ಆ ಜಿಲ್ಲೆಗಳಲ್ಲಿ ಒಂದು.

ಹೀಗೆ ಪಾಲಿಲ್ಲದ ಮಗ, ಪಂಕ್ತಿಯ ಹೊರಗೆ ನಿಂತು ಕೇಳುವ ಕೇರಿ, ಗಂಡನಿಲ್ಲದ ದೇವಪತ್ನಿ ಇರುವ ನೆಲಕ್ಕೆ ಅಪೊಸ್ತಲನಾದ ಪೌಲನ ಮಾತು ಬಂತು. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಆತನು 'ದಾಸನ ಭಾವ'ವನ್ನೂ 'ಮಗನ ಭಾವ'ವನ್ನೂ ಎದುರುಬದುರು ನಿಲ್ಲಿಸುತ್ತಾನೆ. ಆತನು ಬಳಸುವ ಹುಯಿಯೊಥೆಸಿಯ ಎಂಬ ಗ್ರೀಕ್ ಪದ ದತ್ತು ಸ್ವೀಕಾರದ ಕಾನೂನು ಪದ. ಪೌಲನು ಆ ಪತ್ರಿಕೆಯನ್ನು ಬರೆದಾಗ ರೋಮಿನ ಸಿಂಹಾಸನದ ಮೇಲೆ ಕೂತಿದ್ದ ನೀರೋ ಚಕ್ರವರ್ತಿಯೇ ಕ್ಲೌದಿಯನ ದತ್ತುಮಗ. ದತ್ತು ಬಂದವನು ಇಡೀ ಸಾಮ್ರಾಜ್ಯಕ್ಕೆ ಬಾಧ್ಯನಾಗಬಲ್ಲನೆಂಬುದನ್ನು ಆ ಊರಿನ ದಾಸರೂ ಕಣ್ಣಾರೆ ಕಂಡಿದ್ದರು. ನಮ್ಮಲ್ಲಿ ಹಾಗಿರಲಿಲ್ಲ. ಹಿಂದಿನ ಧರ್ಮಶಾಸ್ತ್ರದ ಪ್ರಕಾರ ದತ್ತು ಬರುವ ಮಗ ಸ್ವಜಾತಿಯವನೇ ಆಗಬೇಕು, ಪಿಂಡ ಹಾಕಿ ವಂಶ ಉಳಿಸಲು ಬೇಕಾದವನು. ಅನ್ಯಜಾತಿಯ ಮಗುವಿನ ದತ್ತು ಊರ್ಜಿತವಲ್ಲ. ಆದುದರಿಂದ ಕನ್ನಡದಲ್ಲಿ 'ದೇವರು ನಿಮ್ಮನ್ನು ದತ್ತು ತೆಗೆದುಕೊಂಡನು' ಎಂದು ಕೇರಿಯಲ್ಲಿ ಹೇಳಿದವನು ರೋಮಿನಲ್ಲಿ ಪೌಲನು ಹೇಳಿದ್ದಕ್ಕಿಂತ ದೊಡ್ಡ ಮಾತನ್ನೇ ಹೇಳುತ್ತಿದ್ದನು. ವಂಶೋದ್ಧಾರಕ್ಕೆ ಯಾರ ಅವಶ್ಯಕತೆಯೂ ಇಲ್ಲದ ತಂದೆ, ಜಾತಿಯ ನಿಯಮವನ್ನು ಮೀರಿ, ಪಾಲು ಕೊಡುವುದಕ್ಕಾಗಿಯೇ ದತ್ತು ಮಾಡಿಕೊಳ್ಳುತ್ತಾನೆ.

ಅದೇ ಅಧ್ಯಾಯದ 17ನೆಯ ವಚನದಲ್ಲಿ ಮಕ್ಕಳನ್ನು 'ಬಾಧ್ಯರು' ಎನ್ನುತ್ತದೆ ನಮ್ಮ ಸತ್ಯವೇದ. ಇದು ಒಳ್ಳೆಯ ಪದ. ಬಾಧ್ಯನೆಂದರೆ ಆಸ್ತಿಗೆ ಹಕ್ಕುದಾರ. ಬಾಧ್ಯತೆಯೆಂದರೆ ಇಂದಿನ ಕನ್ನಡದಲ್ಲಿ ಹೊಣೆ. ಗುರುತು ಮತ್ತು ಕರೆ ಎಂದು ದೇವಶಾಸ್ತ್ರದ ಪುಸ್ತಕಗಳು ಎರಡು ಅಧ್ಯಾಯ ಮಾಡಿ ಬರೆಯುವುದನ್ನು ಈ ಒಂದು ಪದ ಒಟ್ಟಿಗೆ ಹಿಡಿದಿದೆ. ಈ ನಾಡಿನ ಸಭೆಯ ಚರಿತ್ರೆಯನ್ನು ನಾವು ಈ ಪದವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಓದಲು ಬಯಸುತ್ತೇವೆ: ಯಾರಿಗೆ ಪಾಲು ಸಿಕ್ಕಿತು, ಯಾರು ಹೊಣೆ ಹೊತ್ತರು?

ಸುವಾರ್ತೆ ಬಂದ ದಾರಿಗಳು

ರಾಯಚೂರಿನ ಕೋಟೆಯ ಬಳಿ ಕಾಣಿಸಿಕೊಂಡ ಕ್ರೈಸ್ತರೆಂದು ಚರಿತ್ರೆ ಹೆಸರು ಹಿಡಿದು ಹೇಳುವ ಮೊದಲಿಗರು ಸುವಾರ್ತಿಕರಲ್ಲ, ಬಂದೂಕುಗಾರರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಸುಲ್ತಾನನಿಂದ ರಾಯಚೂರನ್ನು ಕಿತ್ತುಕೊಂಡಾಗ ಕ್ರಿಸ್ತೊವಾವೊ ದಿ ಫಿಗೆರೆದೊ ಎಂಬ ಪೋರ್ತುಗೀಸನೂ ಅವನ ಜೊತೆಗಾರರೂ ಕೋಟೆಗೋಡೆಯ ಮೇಲಿನ ಕಾವಲುಗಾರರನ್ನು ಗುಂಡಿಟ್ಟು ಕೆಡವಿದರೆಂದು ನೂನಿಜ್ ಬರೆದಿದ್ದಾನೆ. ಈ ಸಂಗತಿಯನ್ನು ಹೆಚ್ಚು ಬೆಳೆಸುವುದು ಬೇಡ. ಆದರೆ ಮರೆಯುವುದೂ ಬೇಡ.

ಲಿಂಗಸೂಗೂರಿನ ಕಡೆಯ ಮುದಗಲ್ಲಿನಲ್ಲಿ ಚಿಕ್ಕದೊಂದು ಕಥೋಲಿಕ ಸಮುದಾಯ ಬಹು ಹಿಂದೆಯೇ ಬೇರೂರಿತು. ಗೋವೆಯಿಂದ ಬಂದ ಮಿಷನೆರಿಗಳು 16ನೆಯ ಶತಮಾನದಲ್ಲಿ ಅದಕ್ಕೆ ಬುನಾದಿ ಹಾಕಿದರೆಂದು ಗೆಜೆಟಿಯರುಗಳು ಹೇಳುತ್ತವೆ. ಬಿಜಾಪುರದ ಆದಿಲ್‌ಶಾಹಿಯ ಕೈಕೆಳಗೆ, ಮೊಹರಮ್ಮಿಗೆ ಹೆಸರಾದ ಊರಿನಲ್ಲಿ, ಶತಮಾನಗಳ ಕಾಲ ಒಂದು ಕ್ರೈಸ್ತ ಸಮುದಾಯ ಉಳಿದುಬಂದದ್ದು ಸಣ್ಣ ಸಂಗತಿಯಲ್ಲ. ಅದು ಉಳಿದದ್ದು ಮನೆತನಗಳಾಗಿ. ತಂದೆಯಿಂದ ಮಗನಿಗೆ ಪ್ರಾರ್ಥನೆ ಇಳಿದುಬಂತು.

ತುಂಗಭದ್ರೆಯ ದಕ್ಷಿಣ ದಂಡೆಯ ಕಥೆ ಬೇರೆ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅಲ್ಲಿ ಮೊದಲುಗೊಂಡ ಅನುವಾದವು 1831ರಲ್ಲಿ ಇಡೀ ಕನ್ನಡ ಸತ್ಯವೇದವಾಗಿ ಮುಗಿಯಿತು. ನಾವು ಮೇಲೆ ಚರ್ಚಿಸಿದ ಪದಗಳ ಆಯ್ಕೆ ಮುಂದಿನ ನೂರು ವರ್ಷಗಳಲ್ಲಿ ಹಲವು ಪರಿಷ್ಕರಣಗಳನ್ನು ಕಂಡಿತಾದರೂ, ಪುಸ್ತಕ ಹುಟ್ಟಿದ್ದು ನಮ್ಮ ನದಿಯ ಆಚೆ ದಡದಲ್ಲಿ. ರಾಯಚೂರು ದೋಆಬ್ ಆಗ ನಿಜಾಮರದು. 1853ರಲ್ಲಿ ಸೈನ್ಯದ ವೆಚ್ಚದ ಬಾಕಿಗಾಗಿ ನಿಜಾಮರು ಬೀರಾರಿನೊಂದಿಗೆ ದೋಆಬನ್ನೂ ಕಂಪನಿಗೆ ಒಪ್ಪಿಸಿದರು. 1860ರಲ್ಲಿ ಅದು ಅವರಿಗೆ ಹಿಂದಿರುಗಿತು. ಅಡವಿಟ್ಟ ಒಡವೆಯಂತೆ ಏಳು ವರ್ಷ ಬೇರೆಯವರ ಕೈಯಲ್ಲಿದ್ದ ನಾಡು ಇದು.

ಬದಲಾವಣೆ ತಂದದ್ದು ಕಬ್ಬಿಣದ ಹಳಿ. 1871ರಲ್ಲಿ ಮುಂಬಯಿಯಿಂದ ಬಂದ ರೈಲುಮಾರ್ಗವೂ ಮದರಾಸಿನಿಂದ ಬಂದ ಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಅಮೇರಿಕದ ಮೆಥೊಡಿಸ್ಟ್ ಸಭೆಯ ಕೆಲಸ ಈ ಮಾರ್ಗಗಳ ಉದ್ದಕ್ಕೂ ಹರಡಿತು. ವಿಲಿಯಂ ಟೇಲರರ ಪ್ರಯತ್ನದಿಂದ ದೊಡ್ಡ ಊರುಗಳಲ್ಲಿ ಹುಟ್ಟಿದ ಸಭೆಗಳೆಲ್ಲ 1876ರಲ್ಲಿ ದಕ್ಷಿಣ ಭಾರತ ಕಾನ್ಫರೆನ್ಸಾಗಿ ಒಂದುಗೂಡಿದವು. ರಾಯಚೂರಿನ ಮೆಥೊಡಿಸ್ಟ್ ಸಭೆ ಇಂದಿಗೂ ಆ ವಂಶದ್ದೇ. ಅದೇ 1876ರಲ್ಲಿ ಧಾತು ಸಂವತ್ಸರದ ಬರವೂ ಬಂತು. ಮೂರು ವರ್ಷ ಬಳ್ಳಾರಿ, ರಾಯಚೂರು, ಕರ್ನೂಲುಗಳ ಕಪ್ಪು ಹೊಲಗಳು ಬಾಯಿಬಿಟ್ಟು ಮಲಗಿದವು. ತಂದೆತಾಯಿಗಳಿಲ್ಲದ ಮಕ್ಕಳನ್ನು ಮಿಷನ್ನುಗಳು ಸಾಕಿದವು. ಅನ್ನಕ್ಕಾಗಿ ಮತ ಬದಲಿಸಿದರೆಂಬ ಮಾತು ಅಂದಿನಿಂದ ನಮ್ಮ ಬೆನ್ನು ಹತ್ತಿದೆ. ಇದಕ್ಕೆ ಉತ್ತರವಾಗಿ ಒಂದು ದಾಖಲೆಯನ್ನು ನೆನೆಯುವುದು ಉಚಿತ. ತೆಲುಗು ಸೀಮೆಯ ಓಂಗೋಲಿನಲ್ಲಿ ಬ್ಯಾಪ್ಟಿಸ್ಟ್ ಮಿಷನೆರಿ ಜಾನ್ ಕ್ಲೌ ಬರಪರಿಹಾರದ ಕೆಲಸ ನಡೆಯುತ್ತಿದ್ದಷ್ಟು ಕಾಲ ದೀಕ್ಷಾಸ್ನಾನ ಕೊಡುವುದನ್ನೇ ನಿಲ್ಲಿಸಿದ್ದರು. ಪರಿಹಾರ ಮುಗಿದ ಮೇಲೆ, 1878ರ ಜುಲೈ 3ರಂದು, ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಹೊಂದಿದರು. ಅವರಲ್ಲಿ ಹೆಚ್ಚಿನವರು ಮಾದಿಗರು. ಅವರನ್ನು ಕರೆತಂದದ್ದು ಕ್ಲೌ ಅಷ್ಟೇ ಅಲ್ಲ. ಯೆರ್ರಗುಂಟ್ಲ ಪೇರಯ್ಯನಂಥ ಮಾದಿಗ ವಿಶ್ವಾಸಿಗಳು ತಮ್ಮ ಬೀಗರ ಊರುಗಳಿಗೆ, ಅಕ್ಕನ ಮನೆಗೆ, ಮಾವನ ಮನೆಗೆ ನಡೆದುಹೋಗಿ ಹೇಳಿದ ಮಾತು ಅದು. ಸುವಾರ್ತೆ ನಂಟಸ್ತಿಕೆಯ ದಾರಿಯಲ್ಲೇ ಹರಿಯಿತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಕನ್ನಡ ನಾಡಿನ ಕ್ರೈಸ್ತ ಚರಿತ್ರೆಯನ್ನು ಕಲಿಸುವಾಗ ನಾವು ಹೆಚ್ಚಾಗಿ ಮಂಗಳೂರಿನಿಂದ ಆರಂಭಿಸುತ್ತೇವೆ. 1834ರಲ್ಲಿ ಬಾಸೆಲ್ ಮಿಷನ್ ಅಲ್ಲಿಗೆ ಬಂತು. 1844ರ ಜನವರಿ 6ರಂದು ಆನಂದರಾವ್ ಕೌಂಡಿನ್ಯರು ಇಬ್ಬರು ಸಂಗಡಿಗರೊಂದಿಗೆ ದೀಕ್ಷಾಸ್ನಾನ ಹೊಂದಿದರು. ಊರಿಗೆ ಊರೇ ಕಲಕಿಹೋಯಿತು. ಮೋಗ್ಲಿಂಗರ ಹೆಸರನ್ನು ಹೊತ್ತು ಹೆರ್ಮನ್ ಆದ ಆ ತರುಣ ತನ್ನ ಮನೆಯನ್ನೂ ಬಂಧುಗಳನ್ನೂ ಕಳೆದುಕೊಂಡು, ಬಾಸೆಲಿನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಹಿಂದಿರುಗಿದರು. ಅಲ್ಲಿ ಮತಾಂತರವೆಂದರೆ ಮನೆಯಿಂದ ಹೊರದೂಡಲ್ಪಡುವುದು. ಜಾತಿ ಕಳೆದುಕೊಂಡವನ ಆಸ್ತಿಹಕ್ಕನ್ನು ಉಳಿಸಲು 1850ರಲ್ಲಿ ಒಂದು ಕಾಯಿದೆಯನ್ನೇ ತರಬೇಕಾಯಿತು. ಅಂಥವನಿಗೆ ಸಭೆ ಅಕ್ಷರಶಃ ಹೊಸ ಕುಟುಂಬವಾಗಬೇಕಾಗಿತ್ತು; ಬಲ್ಮಠದಲ್ಲಿ ಆದದ್ದೂ ಅದೇ. ಮಾರ್ಕನ ಸುವಾರ್ತೆಯ 10:29-30ನ್ನು ಅವನ ಬದುಕಿಗೆ ಹಾಗೆಯೇ ಹಚ್ಚಬಹುದಿತ್ತು.

ಎಡೆದೊರೆ ನಾಡಿನಲ್ಲಿ ನಡೆದದ್ದು ಬೇರೆ. ಇಲ್ಲಿ ಒಬ್ಬನು ಮನೆ ಬಿಟ್ಟು ಬರಲಿಲ್ಲ, ಕೇರಿಯ ಮನೆಗಳು ಒಟ್ಟಾಗಿ ಬಂದವು. ಅಜ್ಜಿಯೂ ಮೊಮ್ಮಗಳೂ ಕೂಡಿ ಬಂದರು. ಯಾರ ಸಂಬಂಧವೂ ಮುರಿಯಲಿಲ್ಲ. ಹೆಣ್ಣು ಕೊಡುವ ತರುವ ಊರುಗಳು ಬದಲಾಗಲಿಲ್ಲ. ಇದು ದೊಡ್ಡ ವರ. ಅನಾಥರ ಗುಂಪಾಗದೆ ಬೇರುಳ್ಳ ಜನವಾಗಿ ಸಭೆ ಬೆಳೆಯಿತು. ಅದೇ ಕಾರಣದಿಂದ ಒಂದು ಕೊರತೆಯೂ ಉಳಿಯಿತು. ಕುಟುಂಬ ಮುರಿಯದಿದ್ದುದರಿಂದ ಹೊಸ ಕುಟುಂಬ ಕಟ್ಟುವ ಅನಿವಾರ್ಯತೆ ಯಾರಿಗೂ ಬೀಳಲಿಲ್ಲ. ಕೇರಿಯ ಗಡಿಯೇ ಸಭೆಯ ಗಡಿಯಾಯಿತು. ಮಾನ್ವಿ, ದೇವದುರ್ಗಗಳ ಹಳ್ಳಿಗಳಲ್ಲಿ ಪ್ರಾರ್ಥನಾಲಯ ಎಲ್ಲಿದೆ ಎಂದು ಕೇಳಿದರೆ ಊರವರು ಇಂದಿಗೂ ಹೆಚ್ಚಾಗಿ ಕೇರಿಯ ಕಡೆಗೇ ಕೈತೋರಿಸುತ್ತಾರೆ. ಎಫೆಸ ಪತ್ರಿಕೆಯು ಕೆಡವಲ್ಪಟ್ಟಿತೆಂದು ಸಾರುವ ಗೋಡೆಯ ಎರಡೂ ಕಡೆಗಳಲ್ಲಿ ಜನರಿದ್ದರು. ನಮ್ಮ ಬಹಳ ಸಭೆಗಳಲ್ಲಿ ಜನರಿರುವುದು ಗೋಡೆಯ ಒಂದೇ ಕಡೆ.

ಕೇರಿಯೊಳಗೂ ಗೋಡೆಗಳಿದ್ದವು. ತೆಲುಗು ಸೀಮೆಯಲ್ಲಿ ಬ್ಯಾಪ್ಟಿಸ್ಟರ ಸಭೆಗಳು ಬಹುಮಟ್ಟಿಗೆ ಮಾದಿಗರವಾದರೆ ಲಂಡನ್ ಮಿಷನ್ ಮೊದಲಾದವರ ಸಭೆಗಳು ಹೆಚ್ಚಾಗಿ ಮಾಲರವಾದವು. ಒಂದೇ ಬಟ್ಟಲು ಇಬ್ಬರ ತುಟಿಗೂ ತಾಕುವುದು ಸುಲಭವಾಗಿರಲಿಲ್ಲ. ಮಿಷನ್ನುಗಳು ಜಾತಿಯನ್ನು ಖಂಡಿಸಲಿಲ್ಲವೆಂದಲ್ಲ. 1833ರಲ್ಲೇ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಯನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ಸುತ್ತೋಲೆ ಹೊರಡಿಸಿದ್ದರು. ತಂಜಾವೂರಿನಲ್ಲಿ ಅದರಿಂದ ಸಭೆಗಳೇ ಒಡೆದವು. ಅಲ್ಲಿ ಮೇಲ್ಜಾತಿಯ ಕ್ರೈಸ್ತರು ಬೇರೆ ಚಾಪೆ ಕೇಳುತ್ತಿದ್ದರು. ನಮ್ಮಲ್ಲಿ ಚಾಪೆಯ ಜಗಳ ಅಷ್ಟಾಗಿ ಕೇಳಿಬರಲಿಲ್ಲ, ಏಕೆಂದರೆ ಚಾಪೆಯ ಮೇಲೆ ಕೂಡಲು ಬಂದವರಲ್ಲಿ ಮೇಲ್ಜಾತಿಯವರು ಬಹು ಕಡಿಮೆ. ಇದನ್ನು ಜಾತಿರಾಹಿತ್ಯವೆಂದು ಎಣಿಸುವವರೊಡನೆ ನಮಗೆ ಸಹಮತವಿಲ್ಲ.

ಆದರೂ ಪಾಲು ಸಿಗಲೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಪಾಲು ಸಿಕ್ಕಿತು, ಬೇರೆ ರೂಪದಲ್ಲಿ. ಏಕವಚನದಲ್ಲಿ, ಅರ್ಧಕ್ಕೆ ಮೊಟಕುಗೊಳಿಸಿದ ಹೆಸರಿನಲ್ಲಿ ಕರೆಯಲ್ಪಡುತ್ತಿದ್ದವನಿಗೆ ದೀಕ್ಷಾಸ್ನಾನದಲ್ಲಿ ಇಡೀ ಹೆಸರು ಸಿಕ್ಕಿತು: ದೇವಪುತ್ರ, ಸಾಮುವೇಲಪ್ಪ, ಯೇಸುಮಿತ್ರ, ಜೀವರತ್ನಮ್ಮ. ಹೆಸರಿನ ಕೊನೆಯ ಆ 'ಅಪ್ಪ', 'ಅಮ್ಮ'ಗಳ ಬೆಲೆ ಅವು ಇಲ್ಲದೆ ಬದುಕಿದವರಿಗೇ ಗೊತ್ತು. ಸಭೆಯಲ್ಲಿ ಎದ್ದುನಿಂತು ಓದುವ ಹಕ್ಕು ಸಿಕ್ಕಿತು. ಹಲಗೆ ಬಾರಿಸಲು, ಸತ್ತ ದನ ಎತ್ತಲು ಕರೆ ಬಂದಾಗ 'ಬರುವುದಿಲ್ಲ' ಎನ್ನುವ ಬಲ ಕೆಲವರಿಗಾದರೂ ಸಿಕ್ಕಿತು. 'ಕರೆ' ಎಂಬ ಪದವನ್ನು ನಾವು ಗುರುದೀಕ್ಷೆಯ ಆರಾಧನೆಯಲ್ಲಿ ಬಹಳ ಸಲ ಉಚ್ಚರಿಸುತ್ತೇವೆ. ಈ ಜನರಿಗೆ ಕರೆ ಎಂದರೆ ಮೊದಲು ಗೌಡರ ಮನೆಯಿಂದ ಬರುತ್ತಿದ್ದ ಕರೆ. ಎರಡನೆಯ ಕರೆ ಮೊದಲನೆಯದನ್ನು ನಿರಾಕರಿಸುವ ಧೈರ್ಯವನ್ನು ಕೊಟ್ಟಿತು. ಶಾಲೆಯೂ ಅಂಥದೇ ಪಾಲು. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಯೇಸುಸಭೆಯವರು ಮಾನ್ವಿಗೆ ಬಂದು ಲೊಯೋಲನ ಹೆಸರಿನಲ್ಲಿ ಶಾಲೆಯನ್ನೂ ಅನಂತರ ಕಾಲೇಜನ್ನೂ ಕಟ್ಟಿದಾಗ, ಮೊದಲು ಕಣ್ಣಮುಂದಿಟ್ಟುಕೊಂಡದ್ದು ಕೇರಿಯ ಮಕ್ಕಳನ್ನೇ. ಮಂಗಳೂರಿನ ಕಡಲತೀರದಲ್ಲಿ ಓದಿಬಂದವರು ಇಷ್ಟು ತಡವಾಗಿ ಒಳನಾಡಿನ ಈ ಬಿಸಿಲಿಗೆ ಬಂದರೇಕೆ ಎಂದು ಕೇಳಬಹುದು, ಬಂದರೆಂಬುದೇ ಮುಖ್ಯ.

ಎರಡು ದಾಖಲೆ ಪುಸ್ತಕಗಳು

1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಆಜ್ಞೆಯೊಂದು ಹೊರಬಿತ್ತು. ಹಿಂದೂ ಧರ್ಮವನ್ನಲ್ಲದೆ ಬೇರೆ ಧರ್ಮವನ್ನು ಅನುಸರಿಸುವವನನ್ನು ಪರಿಶಿಷ್ಟ ಜಾತಿಯವನೆಂದು ಎಣಿಸುವಂತಿಲ್ಲ ಎಂದು ಅದರ ಮೂರನೆಯ ಖಂಡಿಕೆ ಹೇಳಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು. ಕ್ರೈಸ್ತರಿಗೂ ಮುಸಲ್ಮಾನರಿಗೂ ಮುಚ್ಚಿಯೇ ಇದೆ. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರು, ಇತರ ಮೋಚಿಗಳಿಗೆ ಕೊಟ್ಟ ಪೆಟ್ಟಿಗೆಯಂಗಡಿ ಕ್ರೈಸ್ತನಾದ ತನಗೆ ಏಕಿಲ್ಲವೆಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 1985ರಲ್ಲಿ ಬಂದ ತೀರ್ಪು ಅವರ ಪರವಾಗಿರಲಿಲ್ಲ. ಮತಾಂತರದ ಮೇಲೂ ಅದೇ ಪ್ರಮಾಣದ ಸಾಮಾಜಿಕ ಬಾಧೆ ಮುಂದುವರಿದಿದೆಯೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದಿತು ನ್ಯಾಯಾಲಯ. ರಂಗನಾಥ ಮಿಶ್ರ ಆಯೋಗ 2007ರಲ್ಲಿ ಈ ನಿರ್ಬಂಧವನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. 2022ರ ಅಕ್ಟೋಬರಿನಲ್ಲಿ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಕವಾಯಿತು.

ಈ ಆಜ್ಞೆಯ ಫಲವಾಗಿ ನಮ್ಮ ಸೀಮೆಯಲ್ಲಿ ಒಬ್ಬನೇ ಮನುಷ್ಯ ಎರಡು ದಾಖಲೆಗಳಲ್ಲಿ ಎರಡು ಹೆಸರುಗಳಿಂದ ಬದುಕುವ ಸ್ಥಿತಿ ಬಂತು. ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ ದೇವಪುತ್ರ. ತಹಶೀಲ್ದಾರರ ಕಚೇರಿಯ ಜಾತಿ ಪ್ರಮಾಣಪತ್ರದಲ್ಲಿ ಬೇರೆ. ಮಗಳ ವಿದ್ಯಾರ್ಥಿವೇತನ, ಹಾಸ್ಟೆಲಿನ ಸೀಟು, ಮನೆಯ ಮಂಜೂರಾತಿ, ಮಗನ ನೌಕರಿ ಎಲ್ಲವೂ ಎರಡನೆಯ ಹೆಸರಿಗೆ ಕಟ್ಟುಬಿದ್ದಿವೆ. ಇಂಥವರನ್ನು ಪ್ರಸಂಗಪೀಠದಿಂದ ಪೇತ್ರನ ನಿರಾಕರಣೆಗೆ ಹೋಲಿಸುವವರಿದ್ದಾರೆ. ಹಾಗೆ ಹೋಲಿಸುವವರು ಬಹುಮಟ್ಟಿಗೆ ತಮ್ಮ ಮಕ್ಕಳಿಗೆ ಆ ವಿದ್ಯಾರ್ಥಿವೇತನದ ಅವಶ್ಯಕತೆ ಇಲ್ಲದವರು. ಪೇತ್ರನಿಗೆ ಯಾರೂ ಅನ್ನಕ್ಕೂ ಹೆಸರಿಗೂ ನಡುವೆ ಆಯ್ಕೆ ಮಾಡೆಂದು ನಮೂನೆ ಕೊಟ್ಟಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಇಲ್ಲಿ ವಿಚಾರಣೆಗೆ ನಿಲ್ಲಬೇಕಾದವನು ಎರಡು ಹೆಸರು ಹೊತ್ತ ಬಡವನಲ್ಲ. ಊರು ಅವನನ್ನು ಮಾದಿಗನೆಂದೇ ನಡೆಸಿಕೊಳ್ಳುತ್ತದೆ, ಕಾನೂನು ಅವನು ಮಾದಿಗನಲ್ಲವೆನ್ನುತ್ತದೆ, ಸಭೆ ಅವನಿಗೆ 'ನೀನು ದೇವರ ಮಗ' ಎಂದು ಹೇಳಿ ಸುಮ್ಮನಾಗುತ್ತದೆ. ಈ ಮೂವರಲ್ಲಿ ನಮಗೆ ಸಂಬಂಧಿಸಿದ್ದು ಮೂರನೆಯವರ ಮೌನ.

2025ರಲ್ಲಿ ಆ ಮೌನ ಬಹಿರಂಗವಾಯಿತು. ಒಂದೇ ವರ್ಷದಲ್ಲಿ ಎರಡು ಸಮೀಕ್ಷೆಗಳು ಮನೆಬಾಗಿಲಿಗೆ ಬಂದವು. ಮೊದಲನೆಯದು ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಪರಿಶಿಷ್ಟ ಜಾತಿಗಳ ಗಣತಿ ಮಾಡಿಸಿದ್ದು. ರಾಯಚೂರು ಸೀಮೆಯ ಮಾದಿಗರು ದಶಕಗಳಿಂದ ಹೋರಾಡಿದ್ದ ವಿಷಯ. ಎರಡನೆಯದು ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ಅದರ ಪಟ್ಟಿಯಲ್ಲಿ ಜಾತಿಯ ಹೆಸರಿಗೆ 'ಕ್ರಿಶ್ಚಿಯನ್' ಎಂದು ಜೋಡಿಸಿದ್ದ ನಮೂದುಗಳ ಬಗ್ಗೆ ಗದ್ದಲವೆದ್ದು, ಅವನ್ನು ಪಟ್ಟಿಯಲ್ಲಿ ಮರೆಮಾಡಲಾಯಿತು. ಕ್ರೈಸ್ತರಲ್ಲಿ ಜಾತಿಯಿಲ್ಲ ಎಂದು ಕೆಲವರು ಹೇಳಿದರು, ಇದೆ ಎಂದು ಬರೆಸಿದರೆ ಮಾತ್ರ ನ್ಯಾಯ ಸಿಗುವುದೆಂದು ಕೆಲವರು. ಆ ದಿನಗಳಲ್ಲಿ ಹಳ್ಳಿಯ ಸಭಿಕರು ತಮ್ಮ ಸಭಾಪಾಲಕರನ್ನು ಕೇಳಿದ್ದು ದೇವಶಾಸ್ತ್ರದ ಪ್ರಶ್ನೆಯೇ ಆಗಿತ್ತು: 'ಅಯ್ಯನೋರೇ, ಏನಂತ ಬರೆಸೋಣ್ರಿ?' ಸಭೆಯಲ್ಲಿ ಜಾತಿ ಇರಕೂಡದು, ಸಮಾಜದಲ್ಲಿ ಇದೆ. ಇರಕೂಡದ್ದನ್ನು ಇಲ್ಲವೆಂದು ಬರೆಸಿದರೆ ಅದರಿಂದ ಆದ ಗಾಯವೂ ಲೆಕ್ಕಕ್ಕೆ ಸಿಗದು. ಪೌಲನು ಫಿಲೆಮೋನನಿಗೆ ಒನೇಸಿಮನನ್ನು ಪ್ರಿಯ ಸಹೋದರನೆಂದು ಸ್ವೀಕರಿಸು ಎಂದು ಬರೆದಾಗ ಅವನು ದಾಸನಾಗಿದ್ದನೆಂಬುದನ್ನು ಮುಚ್ಚಿಡಲಿಲ್ಲ. ಅವನ ಸಾಲವೇನಾದರೂ ಇದ್ದರೆ ತನ್ನ ಲೆಕ್ಕಕ್ಕೆ ಹಾಕೆಂದು ಸ್ವಹಸ್ತದಿಂದ ಬರೆದುಕೊಟ್ಟನು. ಬಾಧ್ಯತೆಯ ಎರಡನೆಯ ಅರ್ಥ ಅಲ್ಲಿದೆ. ಸಹೋದರನೆಂದು ಕರೆದವನೇ ಸಾಲಕ್ಕೆ ಹೊಣೆಯಾಗುತ್ತಾನೆ.

ಇಂಥ ಹೊಣೆ ನಮ್ಮ ಸಭೆಗಳಲ್ಲಿ ಎಲ್ಲಿ ಕಾಣಿಸುತ್ತದೆ? ಸುಗ್ಗಿ ಮುಗಿದ ಮೇಲೆ ದೇವದುರ್ಗದ ಕಡೆಯಿಂದ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೊರಡುವವರಲ್ಲಿ ನಮ್ಮವರು ಅನೇಕರು. ಕ್ರಿಸ್ಮಸ್ಸಿಗೆ ತುಂಬಿದ್ದ ಪ್ರಾರ್ಥನಾಲಯದಲ್ಲಿ ಈಸ್ಟರಿನ ಹೊತ್ತಿಗೆ ಮುದುಕರೂ ಚಿಕ್ಕ ಮಕ್ಕಳೂ ಉಳಿದಿರುತ್ತಾರೆ. ತಂದೆತಾಯಿ ಕಟ್ಟಡದ ಕೆಲಸದಲ್ಲಿರುವಾಗ ಆ ಮಕ್ಕಳಿಗೆ ರಾತ್ರಿಯ ಊಟ ಹಾಕಿ ಶಾಲೆ ಬಿಡದಂತೆ ನೋಡಿಕೊಳ್ಳುವ ಒಬ್ಬ ಮುದುಕಿ ಬಹಳ ಸಭೆಗಳಲ್ಲಿ ಇರುತ್ತಾಳೆ. ಅವಳಿಗೆ ಸಭೆಯಲ್ಲಿ ಯಾವ ಹುದ್ದೆಯೂ ಇಲ್ಲ. ಹಿರಿಯರ ಸಮಿತಿಯ ಪಟ್ಟಿಯಲ್ಲಿ ಅವಳ ಹೆಸರಿರುವುದಿಲ್ಲ. ಮಾರ್ಕನ ಸುವಾರ್ತೆ 3:35ರಲ್ಲಿ ಕರ್ತನು ತನ್ನ ಸುತ್ತ ಕೂತವರಲ್ಲಿ ಗುರುತಿಸಿದ ತಾಯಿ ಅಂಥವಳೇ ಇರಬೇಕು.

ಕೊನೆಗೆ ಒಂದು ಚಿಕ್ಕ ವಿಷಯ. ಮಾರ್ಕನ ಸುವಾರ್ತೆ 10:29ರಲ್ಲಿ ಶಿಷ್ಯನು ಬಿಟ್ಟುಬರುವವರ ಪಟ್ಟಿಯಲ್ಲಿ ತಂದೆ ಇದ್ದಾನೆ. 30ನೆಯ ವಚನದಲ್ಲಿ ನೂರರಷ್ಟಾಗಿ ದೊರೆಯುವವರ ಪಟ್ಟಿಯಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರು, ಮಕ್ಕಳು ಎಲ್ಲರೂ ಇದ್ದಾರೆ, ತಂದೆಯಿಲ್ಲ. ಹೊಸ ಮನೆಯಲ್ಲಿ ಆ ಸ್ಥಾನಕ್ಕೆ ಮನುಷ್ಯರಾರೂ ಬರುವುದಿಲ್ಲ. ದೇವದಾಸಿ ತಾಯಿಯ ಮಗುವನ್ನು ದೀಕ್ಷಾಸ್ನಾನಕ್ಕೆ ತಂದಾಗ ಸಭೆಯ ಪುಸ್ತಕದಲ್ಲಿ ತಂದೆಯ ಹೆಸರಿನ ಅಂಕಣದ ಎದುರು ಲೇಖನಿ ನಿಲ್ಲುತ್ತದೆ. ಸಾಮಾನ್ಯವಾಗಿ ಅಲ್ಲಿ ಒಂದು ಅಡ್ಡಗೆರೆ ಎಳೆಯುವ ರೂಢಿ. ಮದುವೆಯ ಕಾಲಕ್ಕೆ ಆ ಪುಸ್ತಕದಿಂದ ಪ್ರತಿ ತೆಗೆದುಕೊಟ್ಟಾಗ ಬೀಗರ ಕಣ್ಣು ಮೊದಲು ಹೋಗುವುದು ಆ ಗೆರೆಯ ಮೇಲೆ. 2025ರಲ್ಲಿ ರಾಜ್ಯದ ಶಾಸನಸಭೆ ಅಂಗೀಕರಿಸಿದ ಹೊಸ ದೇವದಾಸಿ ಕಾಯಿದೆಯು ಈ ಮಕ್ಕಳ ಪಿತೃತ್ವದ ಹಕ್ಕನ್ನು ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ನಮ್ಮ ದೀಕ್ಷಾಸ್ನಾನದ ಪುಸ್ತಕದ ನಮೂನೆಯಾದರೋ ಮಿಷನ್ನಿನ ಕಾಲದಿಂದ ಹೆಚ್ಚು ಬದಲಾಗಿಲ್ಲ. ಅದನ್ನು ತಿದ್ದಲು ಆಯೋಗವೂ ಬೇಡ, ಕಾಯಿದೆಯೂ ಬೇಡ. ಸಭಾಮಂಡಳಿಯ ಒಂದು ನಿರ್ಣಯ ಸಾಕು. ತಂದೆ, ತಾಯಿ ಎಂಬ ಎರಡು ಅಂಕಣಗಳ ಬದಲು 'ಮಗುವನ್ನು ತಂದವರು' ಎಂಬ ಒಂದೇ ಅಂಕಣವಿಟ್ಟು, ಅದರ ಕೆಳಗೆ ಆ ಮಗುವಿನ ಹೊಣೆಯನ್ನು ಹೊರುವೆವೆಂದು ಸಭೆಯ ಇಬ್ಬರು ಹಿರಿಯರು ಹೆಸರು ಬರೆದು ಸಹಿ ಹಾಕುವಷ್ಟು ಜಾಗ ಬಿಡಬಹುದು.